ಒಂದೇ ಇರುವೆಯ ಊರು

ಬೆಂಗಳೂರಿನಲ್ಲಿ ಕೈತೋಟದ ಆಸಕ್ತರು ಮತ್ತು ಪಾರ್ಕು, ಕೆರೆ ನೋಡಿಕೊಳ್ಳುವ ಬಡಾವಣೆಯವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಸೇರಿವೆ.

ಎಲ್ಲರಿಗೂ ನಮಸ್ಕಾರ.

ಒಂದು ತಿದ್ದುಪಡಿಯಿಂದ ಶುರು ಮಾಡೋಣ. ಇರುವೆ ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅಂತ ನಾವೆಲ್ಲ ಹೇಳುತ್ತೇವೆ. ಹುತ್ತ ಕಟ್ಟುವುದು ಗೆದ್ದಲು. ಗೆದ್ದಲಿಗೂ ಇರುವೆಗೂ ನೆಂಟಸ್ತನವೇ ಇಲ್ಲ. ಗೆದ್ದಲು ಜಿರಳೆಯ ಕಡೆಯದು, ಇರುವೆ ಕಣಜದ ಕಡೆಯದು. ಲೆಕ್ಕ ತಪ್ಪಿದ್ದರೂ ಗಾದೆಯ ತಿರುಳು ಇವತ್ತಿನ ಮಾತಿಗೆ ಒಪ್ಪುತ್ತದೆ. ಒಬ್ಬರು ಕಟ್ಟಿದ ಜಾಗದಲ್ಲಿ ಇನ್ನೊಬ್ಬರು ಬಂದು ಕೂರುವ ಕಥೆ ಇದು. ಇಲ್ಲಿ ಬಂದು ಕೂರುವುದು ಹೊರಗಿನ ಇರುವೆ, ಎದ್ದು ಹೋಗುವುದು ಇಲ್ಲಿನ ಇರುವೆ. ಜಾಗ ಬಿಡಿಸಿಕೊಟ್ಟವರು ಯಾರು ಎಂಬುದಕ್ಕೆ ಆಮೇಲೆ ಬರುತ್ತೇವೆ.

ಮೊದಲು ಇಲ್ಲಿನವರ ಪರಿಚಯ. 2016ರಲ್ಲಿ ಪ್ರಕಟವಾದ ಪಟ್ಟಿಯ ಪ್ರಕಾರ ಭಾರತದಲ್ಲಿ 100 ಕುಲಗಳಿಗೆ ಸೇರಿದ 828 ಇರುವೆ ಪ್ರಭೇದ, ಉಪಪ್ರಭೇದಗಳಿವೆ. ಬೆಂಗಳೂರಿನಲ್ಲಿ ಹಳೆಯ ಮರಗಳಿರುವ, ತರಗೆಲೆ ಗುಡಿಸದೆ ಬಿಟ್ಟ ಯಾವ ಮೂಲೆಯಲ್ಲಾದರೂ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತರೆ ಐದಾರು ಬಗೆಯವು ಕಣ್ಣಿಗೆ ಬೀಳುತ್ತವೆ. ದೊಡ್ಡ ಕಪ್ಪು ಗೊದ್ದ ಎಲ್ಲರಿಗೂ ಗೊತ್ತು. ಅದು ಕ್ಯಾಂಪೊನೋಟಸ್ ಕಂಪ್ರೆಸಸ್. ಮರದ ಬುಡದಲ್ಲಿ ಕುಳಿ ತೋಡಿ ಸುತ್ತಲೂ ಮಣ್ಣು ಚೆಲ್ಲುವ, ಹೊಟ್ಟೆಯನ್ನು ಕೆಳಕ್ಕೆ ಬಾಗಿಸಿಕೊಂಡು ನಡೆಯುವ ಕಂದು ಬಣ್ಣದ್ದು ಮಿರ್ಮಿಕೇರಿಯಾ. ಕಾಂಡದ ಮೇಲೆ ಒಂಟಿಯಾಗಿ ಓಡಾಡುವ, ತಲೆ ಕಪ್ಪು, ಎದೆ ಕೆಂಪು, ಹೊಟ್ಟೆ ಮತ್ತೆ ಕಪ್ಪು ಇರುವ ತೆಳು ಮೈಯದು ಟೆಟ್ರಾಪೊನೇರಾ. ಮರಕ್ಕೆ ಒರಗಿ ನಿಂತವರಿಗೆ ಅದರ ಪರಿಚಯ ಉರಿಯ ಮೂಲಕವೇ ಆಗುತ್ತದೆ. ಎಲೆ ಹೊಲಿದು ಗೂಡು ಮಾಡುವ ಕೆಂಜಿಗ ಇದೆ. ಮಲೆನಾಡಿನವರು ಅದರ ಚಟ್ನಿಯ ರುಚಿ ಹೇಳಬಲ್ಲರು. ಹೃದಯದ ಆಕಾರದ ಹೊಟ್ಟೆಯನ್ನು ಬೆನ್ನಿನ ಮೇಲೆ ಎತ್ತಿ ಹಿಡಿಯುವ ಕ್ರಿಮಾಟೊಗ್ಯಾಸ್ಟರ್ ಇದೆ. ಸಿಲ್ವರ್‌ಲೈನ್ ಎಂಬ ಪುಟ್ಟ ಚಿಟ್ಟೆಯ ಮರಿಹುಳುವಿಗೆ ಈ ಇರುವೆಯೇ ಕಾವಲು.

ಇನ್ನೊಂದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಿರುಗುವ ಕಪ್ಪು ಮೈಯ ಲೆಪ್ಟೊಜೆನಿಸ್ ಪ್ರೊಸೆಷನಾಲಿಸ್ ಉದ್ದ ಸಾಲಿನಲ್ಲಿ ಹೊರಟು ಗೆದ್ದಲನ್ನು ಬೇಟೆಯಾಡುತ್ತದೆ. ಕಾದಂಬರಿಗಳಿಂದ ನಿಮಗೆ ಪರಿಚಿತರಾದ ಕೆ. ಎನ್. ಗಣೇಶಯ್ಯನವರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನಿಯಾಗಿದ್ದವರು. ಈ ಇರುವೆಯ ದಾರಿಗಳು ಯಾಕೆ ಕವಲೊಡೆಯುತ್ತವೆ ಎಂಬ ಬಗ್ಗೆ ಅವರದೊಂದು ಸಂಶೋಧನೆ 1991ರಲ್ಲಿ ಪ್ರಕಟವಾಗಿದೆ. ಗೆದ್ದಲಿಗೆ ಔಷಧ ಹೊಡೆಸಲು ಸಾವಿರಾರು ರೂಪಾಯಿ ಕೊಡುವ ಊರಿನಲ್ಲಿ ಪುಕ್ಕಟೆ ಕೆಲಸ ಮಾಡುವ ಬೇಟೆಗಾರ ಇದು. ಆದರೆ ಇಂಥ ಇರುವೆಗೆ ಬೇಕಾಗುವುದು ಮಣ್ಣು, ಕೊಳೆತ ಕಟ್ಟಿಗೆ, ತರಗೆಲೆ. ಹುಲ್ಲುಹಾಸು ಹಾಸಿದಲ್ಲಿ ಅದಕ್ಕೆ ಅನ್ನವಿಲ್ಲ.

ಈಗ ಹೊರಗಿನವರು. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯೊಂದಿದೆ; ಅದರಲ್ಲಿ ಐದು ಇರುವೆಗಳು. ಹಳದಿ ಹುಚ್ಚಿರುವೆ, ಅರ್ಜೆಂಟೀನಾ ಇರುವೆ, ದೊಡ್ಡತಲೆ ಇರುವೆ, ಕೆಂಪು ಬೆಂಕಿ ಇರುವೆ, ಚಿಕ್ಕ ಬೆಂಕಿ ಇರುವೆ. ನಮ್ಮೂರಿಗೆ ಮುಖ್ಯವಾದದ್ದು ಮೊದಲನೆಯದು, ಅನಾಪ್ಲೊಲೆಪಿಸ್ ಗ್ರಾಸಿಲಿಪೆಸ್. ಇದರ ಜೊತೆಗೆ ಆ ಪಟ್ಟಿಯಲ್ಲಿಲ್ಲದ ಕೆಲವರು ಇಲ್ಲಿದ್ದಾರೆ. ಅಮೆರಿಕ ಖಂಡದ ಮೂಲದ ಸೊಲೆನಾಪ್ಸಿಸ್ ಜೆಮಿನೇಟಾ ಎಂಬ ಉಷ್ಣವಲಯದ ಬೆಂಕಿ ಇರುವೆ. ಮೆಕ್ಸಿಕೋದ ಅಕಾಪುಲ್ಕೊ ಬಂದರಿನಿಂದ ಮನಿಲಾಕ್ಕೆ ಬರುತ್ತಿದ್ದ ಸ್ಪೇನಿನ ಹಡಗುಗಳಲ್ಲಿ ಇದು 16ನೇ ಶತಮಾನದಲ್ಲೇ ಏಷ್ಯಾ ಮುಟ್ಟಿತು ಎಂದು ಅದರ ವಂಶವಾಹಿಗಳ ಅಧ್ಯಯನ ಹೇಳುತ್ತದೆ. ಮೆಣಸಿನಕಾಯಿ ಬಂದ ಕಾಲದ ಅತಿಥಿ ಅನ್ನಿ. ಅಡುಗೆಮನೆ ಕಟ್ಟೆಯ ಮೇಲೆ ಕಪ್ಪು ತಲೆ ಮಾತ್ರ ಕಾಣಿಸಿ ಉಳಿದ ಮೈ ಕಾಣದಂತಿರುವ ಒಂದೂವರೆ ಮಿಲಿಮೀಟರಿನದು ಟ್ಯಾಪಿನೋಮಾ. ಆಸ್ಪತ್ರೆ, ಬೇಕರಿಗಳಲ್ಲಿ ಸಿಗುವ ಜೇನುಬಣ್ಣದ ಪುಟಾಣಿ ಫರೋ ಇರುವೆ.

ಇಲ್ಲಿ ಒಂದು ತೊಡಕಿದೆ, ಮರೆಮಾಚುವುದು ಬೇಡ. ಹಳದಿ ಹುಚ್ಚಿರುವೆಯ ಮೂಲ ಏಷ್ಯಾವೋ ಆಫ್ರಿಕಾವೋ ಎಂಬುದು ಇನ್ನೂ ತೀರ್ಮಾನವಾಗದ ವ್ಯಾಜ್ಯ. 1851ರಲ್ಲಿ ಜೆರ್ಡನ್ ಎಂಬ ಕಂಪನಿ ಕಾಲದ ವೈದ್ಯ ದಕ್ಷಿಣ ಭಾರತದ ಇರುವೆಗಳ ಪಟ್ಟಿ ಮಾಡಿದಾಗಲೇ ಇದು ಅದರಲ್ಲಿತ್ತು. ಆತ ಇಟ್ಟ ಲಾಂಗಿಪೆಸ್ ಎಂಬ ಹೆಸರು ಮೊದಲೇ ಬೇರೊಂದು ಇರುವೆಗೆ ಸಂದಿದ್ದರಿಂದ 1857ರ ಗ್ರಾಸಿಲಿಪೆಸ್ ಎಂಬ ಹೆಸರು ಉಳಿಯಿತು. ಹಾಗಾಗಿ ಬೆಂಗಳೂರಿನಲ್ಲಿ ನಿಂತು ಇದನ್ನು ನಿನ್ನೆ ಮೊನ್ನೆ ಬಂದ ಪರದೇಶಿ ಅನ್ನಲಾಗದು. ಆದರೆ 1984ರಲ್ಲಿ ನಮ್ಮ ಕೃಷಿ ವಿಶ್ವವಿದ್ಯಾನಿಲಯದ ಜಿ. ಕೆ. ವೀರೇಶ್ ಮತ್ತು ಗುಬ್ಬಯ್ಯ ಕರ್ನಾಟಕದಲ್ಲಿ ಇದೇ ಹುಚ್ಚಿರುವೆಯ ಕಾಟದ ಬಗ್ಗೆ ವರದಿ ಬರೆದರು. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೈ ಕಾಡಂಚಿನ ಹಳ್ಳಿಗಳಲ್ಲಿ ಇದು ದನಕರುಗಳ ಮೈಗೂ ಹತ್ತಿ, ಮೇಯಿಸಲು ಹೋಗುವುದೇ ಕಷ್ಟವಾಯಿತು. ನೂರಕ್ಕೂ ಹೆಚ್ಚು ವರ್ಷ ಸುಮ್ಮನಿದ್ದದ್ದು ಒಂದು ದಿನ ದಂಡು ಕಟ್ಟುತ್ತದೆ. ಅದು ಎಲ್ಲಿಯದು ಎನ್ನುವುದಕ್ಕಿಂತ ಅದನ್ನು ಎಬ್ಬಿಸಿದ್ದು ಏನು ಎಂಬ ಪ್ರಶ್ನೆಯೇ ನಮಗೆ ಉಪಯೋಗದ್ದು.

ರಟ್ಟಿನ ಮೇಲಿನ ಜಗಳ

ಅಂಗೈಯಗಲದ ಬಿಳಿ ರಟ್ಟು ತೆಗೆದುಕೊಳ್ಳಿ. ನಡುವೆ ಕಡಲೆಕಾಳಿನಷ್ಟು ಪೀನಟ್ ಬಟರ್, ಪಕ್ಕದಲ್ಲಿ ಬೆಲ್ಲದ ನೀರಿನಲ್ಲಿ ಅದ್ದಿದ ಹತ್ತಿಯುಂಡೆ. ಹಳೆಯ ಮಾವಿನ ಮರದ ನೆರಳಲ್ಲಿ ಇಟ್ಟು ಒಂದು ಮೀಟರ್ ದೂರ ಕೂತು ನೋಡಿ. ನೆರಳು ಬೀಳಬಾರದು, ಉಸಿರು ತಾಗಬಾರದು.

ಸಾಮಾನ್ಯವಾಗಿ ಮೊದಲು ಬರುವುದು ಕಪ್ಪು ಹುಚ್ಚಿರುವೆ, ಪ್ಯಾರಾಟ್ರೆಕಿನಾ ಲಾಂಗಿಕಾರ್ನಿಸ್. ಉದ್ದ ಕಾಲು, ಉದ್ದ ಮೀಸೆ, ದಿಕ್ಕುತಪ್ಪಿದ ಓಟ. ಎರಡು ಮೂರು ಬಂದು ನೆಕ್ಕಿ, ಓಡಿಹೋಗಿ, ಹತ್ತಿಪ್ಪತ್ತು ಮಂದಿಯನ್ನು ಕರೆತರುತ್ತವೆ. ಅಷ್ಟರಲ್ಲಿ ರಟ್ಟಿನ ಅಂಚಿನಲ್ಲಿ ಫೀಡೋಲೆ ಎಂಬ ಕುಲದ ಸಣ್ಣ ಕೆಲಸಗಾರ ಇರುವೆಗಳ ಸಾಲು ಕಾಣಿಸುತ್ತದೆ. ಅವುಗಳ ಹಿಂದೆಯೇ ಮೈಗಿಂತ ತಲೆಯೇ ಭಾರವಾದ ಸೈನಿಕರು. ಕಪ್ಪು ಹುಚ್ಚಿರುವೆ ನಿಂತು ಹೊಡೆದಾಡುವುದಿಲ್ಲ. ಸಿಕ್ಕಷ್ಟು ಬಾಚಿಕೊಂಡು ಜಾರಿಕೊಳ್ಳುತ್ತದೆ. ಅರ್ಧ ಗಂಟೆಗೆ ಪೀನಟ್ ಬಟರ್ ಪೂರ್ತಿ ಫೀಡೋಲೆಯದು. ಕತ್ತಲಾದರೆ ಬೆಲ್ಲದ ಹತ್ತಿಯ ಮೇಲೆ ಗೊದ್ದಗಳು ಹೊಟ್ಟೆ ಉಬ್ಬಿಸಿಕೊಂಡು ನಿಂತಿರುತ್ತವೆ.

ಮೊದಲು ಕಂಡವರಿಗೆ ಹಿಡಿದಿಟ್ಟುಕೊಳ್ಳುವ ಬಲವಿಲ್ಲ. ಬಲವಿದ್ದವರು ತಡವಾಗಿ ಬರುತ್ತಾರೆ. ಹಗಲಿಗೊಬ್ಬರು, ಇರುಳಿಗೊಬ್ಬರು. ಹತ್ತಾರು ಜಾತಿ ಒಂದೇ ನೆಲದಲ್ಲಿ ಬದುಕಲು ಇರುವ ಸಂದುಗೊಂದು ಇದೇ.

ಈಗ ಅದೇ ರಟ್ಟನ್ನು ಹಳದಿ ಹುಚ್ಚಿರುವೆ ದಂಡು ಕಟ್ಟಿದ ಜಾಗದಲ್ಲಿ ಇಡಿ. ಕಂಡುಹಿಡಿಯುವವರೂ ಅವರೇ, ಹಿಡಿದಿಟ್ಟುಕೊಳ್ಳುವವರೂ ಅವರೇ, ಹಗಲೂ ಅವರೇ, ಇರುಳೂ ಅವರೇ. ಇದಕ್ಕೆ ಚುಚ್ಚುವ ಮುಳ್ಳಿಲ್ಲ. ಹೊಟ್ಟೆಯ ತುದಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಗೊದ್ದವೂ ಅದನ್ನೇ ಚಿಮ್ಮಿಸಬಲ್ಲದು, ಅದೂ ಇದಕ್ಕಿಂತ ದೊಡ್ಡದು. ಗೆಲ್ಲಿಸುವುದು ಆಯುಧವಲ್ಲ, ತಲೆಯೆಣಿಕೆ. ಒಂದು ಗೊದ್ದದ ಕಾಲುಗಳನ್ನು ಐದಾರು ಇರುವೆ ನಾಲ್ಕೂ ದಿಕ್ಕಿಗೆ ಎಳೆದು ಹಿಡಿದರೆ, ಏಳನೆಯದು ಬಂದು ಆಮ್ಲ ಸಿಂಪಡಿಸಿದರೆ ಮುಗಿಯಿತು.

ಈ ತಲೆಯೆಣಿಕೆ ಎಲ್ಲಿಂದ ಬರುತ್ತದೆ? ಸಾಮಾನ್ಯ ಇರುವೆ ಸಂಸಾರಕ್ಕೆ ಬೇಲಿಯಿದೆ. ಒಂದು ಗೂಡಿನ ಗೊದ್ದ ಪಕ್ಕದ ಗೂಡಿನ ಗೊದ್ದವನ್ನೇ ಕೊಲ್ಲುತ್ತದೆ, ಮೈಯ ಮೇಣದ ವಾಸನೆ ಬೇರೆ ಎಂಬ ಕಾರಣಕ್ಕೆ. ಶಕ್ತಿಯ ದೊಡ್ಡ ಪಾಲು ಸ್ವಜಾತಿಯ ಜಗಳಕ್ಕೇ ಹೋಗುತ್ತದೆ. ದಂಡು ಕಟ್ಟುವ ಇರುವೆಗಳಲ್ಲಿ ಈ ಬೇಲಿಯಿಲ್ಲ. ಒಂದೇ ಗೂಡಿನಲ್ಲಿ ಅನೇಕ ರಾಣಿಯರು. ಹಾರಿ ದೂರ ಹೋಗುವ ಬದಲು ರಾಣಿಯೊಂದು ಒಂದಷ್ಟು ಕೆಲಸಗಾರರನ್ನು ಕಟ್ಟಿಕೊಂಡು ನಡೆದೇ ಹೋಗಿ ಪಕ್ಕದಲ್ಲಿ ಹೊಸ ಗೂಡು ಹೂಡುತ್ತದೆ. ಗೂಡುಗಳ ನಡುವೆ ಓಡಾಟ ನಡೆದೇ ಇರುತ್ತದೆ. ಇಟಲಿಯಿಂದ ಸ್ಪೇನಿನ ಅಟ್ಲಾಂಟಿಕ್ ತೀರದವರೆಗೆ 6,000 ಕಿಲೋಮೀಟರ್ ಉದ್ದಕ್ಕೂ ಅರ್ಜೆಂಟೀನಾ ಇರುವೆಯ ಒಂದೇ ಮಹಾಬಳಗ ಹಬ್ಬಿದೆ ಎಂದು 2002ರಲ್ಲಿ ತೋರಿಸಿಕೊಟ್ಟರು. ಅಲ್ಲಿಯದನ್ನೂ ಇಲ್ಲಿಯದನ್ನೂ ಒಂದೇ ಡಬ್ಬಿಗೆ ಹಾಕಿದರೆ ಜಗಳವಿಲ್ಲ.

ಈ ಡಬ್ಬಿ ಪರೀಕ್ಷೆಯನ್ನು ನೀವೂ ಮಾಡಬಹುದು. ಬಾಯಿ ಅಗಲವಾದ ಪ್ಲಾಸ್ಟಿಕ್ ಡಬ್ಬಿ. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಸ್ಪಿರಿಟ್‌ನಲ್ಲಿ ಗಂಜಿಯಂತೆ ಕದಡಿ ಒಳಗೋಡೆಯ ಮೇಲ್ಭಾಗಕ್ಕೆ ಎರಡು ಬೆರಳಗಲ ಬಳಿದು ಒಣಗಿಸಿದರೆ ಇರುವೆ ಹತ್ತಿ ಹೊರಬರಲಾರದು. ಒಂದು ಜಾಗದಿಂದ ಐದು, ನೂರು ಮೀಟರ್ ಆಚೆಯಿಂದ ಐದು ಒಳಗೆ ಬಿಟ್ಟು ಹತ್ತು ನಿಮಿಷ ನೋಡಿ. ಮೀಸೆಯಿಂದ ಮುಟ್ಟಿ ಸುಮ್ಮನಾದರೆ ಒಂದೇ ಬಳಗ. ದವಡೆ ತೆರೆದು ಕಾಲು ಹಿಡಿದರೆ ಬೇರೆ. ಇಲ್ಲಿ ತಪ್ಪು ಆಗುವುದು ಎತ್ತಿ ಹಾಕುವಾಗ. ಚಿಮಟದಿಂದ ಹಿಡಿದರೆ ಇರುವೆ ಗಾಬರಿಗೊಂಡು ತನ್ನದೇ ಗೂಡಿನ ಇರುವೆಯನ್ನೂ ಕಚ್ಚುತ್ತದೆ. ಮೆತ್ತನೆಯ ಬಣ್ಣದ ಕುಂಚದ ಮೇಲೆ ತಾನಾಗಿ ಹತ್ತಿಸಿಕೊಳ್ಳಿ. ಒಂದೇ ಗೂಡಿನ ಹತ್ತನ್ನು ಇನ್ನೊಂದು ಡಬ್ಬಿಯಲ್ಲಿ ಬಿಟ್ಟು ಹೋಲಿಸದೆ ಏನೂ ತೀರ್ಮಾನಿಸಬೇಡಿ.

ತಲೆಯೆಣಿಕೆಗೆ ಅನ್ನವೂ ಬೇಕಲ್ಲ. ಅದು ಬರುವುದು ಗಿಡದ ರಸ ಹೀರುವ ಕೀಟಗಳಿಂದ. ದಾಸವಾಳದ ಚಿಗುರಿನ ಬಿಳಿ ಹಿಟ್ಟು ತಿಗಣೆ, ಕಾಫಿ ಎಲೆಯಡಿಯ ಹಸಿರು ಶಲ್ಕಕೀಟ, ಅವರೆ ಬಳ್ಳಿಯ ಹೇನು ಎಲ್ಲವೂ ಹೀರಿದ ರಸದಲ್ಲಿ ಹೆಚ್ಚಾದ ಸಕ್ಕರೆಯನ್ನು ಹನಿಹನಿಯಾಗಿ ವಿಸರ್ಜಿಸುತ್ತವೆ. ಇರುವೆ ಅದನ್ನು ನೆಕ್ಕುತ್ತದೆ, ಬದಲಿಗೆ ಕಾವಲು ಕಾಯುತ್ತದೆ. ಗೊದ್ದವೂ ಇದನ್ನೇ ಮಾಡುತ್ತದೆ, ಆದರೆ ಅದರ ಸಂಖ್ಯೆಗೊಂದು ಮಿತಿಯಿದೆ. ದಂಡಿಗೆ ಮಿತಿಯಿಲ್ಲ. ಪಪ್ಪಾಯಿಯ ಹಿಟ್ಟು ತಿಗಣೆ 2008ರಲ್ಲಿ ಭಾರತದಲ್ಲಿ ಕಾಣಿಸಿಕೊಂಡಾಗ 2010ರಲ್ಲಿ ಅದರ ಶತ್ರುವಾದ ಅಸೆರೊಫೇಗಸ್ ಪಪಾಯೆ ಎಂಬ ಪರಾವಲಂಬಿ ಕಣಜವನ್ನು ಪೋರ್ಟೊರಿಕೊದಿಂದ ತರಿಸಿ ಬಿಟ್ಟದ್ದು ನಮ್ಮ ಹೆಬ್ಬಾಳದ ಕೀಟ ಸಂಸ್ಥೆ. ಇಂಥ ಕಣಜ ಮೊಟ್ಟೆಯಿಡಲು ತಿಗಣೆಯ ಮೇಲೆ ತುಸು ಹೊತ್ತು ಕೂರಲೇಬೇಕು. ಸುತ್ತ ಹತ್ತು ಇರುವೆ ಓಡಾಡುತ್ತಿದ್ದರೆ ಕೂರಲು ಬಿಡುವುದಿಲ್ಲ. ತಿಗಣೆ ಹೆಚ್ಚಾಗುತ್ತದೆ, ಸಿಹಿ ಹೆಚ್ಚಾಗುತ್ತದೆ, ಇರುವೆ ಹೆಚ್ಚಾಗುತ್ತದೆ, ಎಲೆಯ ಮೇಲೆ ಕಪ್ಪು ಬೂಷ್ಟು ಬರುತ್ತದೆ.

ಈ ಚಕ್ರ ಪೂರ್ತಿ ತಿರುಗಿದರೆ ಏನಾಗುತ್ತದೆ ಎಂಬುದನ್ನು ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪ ತೋರಿಸಿತು. ಹಳದಿ ಹುಚ್ಚಿರುವೆ ಅಲ್ಲಿಗೆ 1915ರಿಂದ 1934ರ ನಡುವೆ ಬಂತು. ಐವತ್ತಕ್ಕೂ ಹೆಚ್ಚು ವರ್ಷ ತೆಪ್ಪಗಿತ್ತು. ಮೊದಲ ಮಹಾಬಳಗ ಕಂಡದ್ದು 1989ರಲ್ಲಿ. ಅರಗಿನ ಕೀಟದ ಬಳಗಕ್ಕೆ ಸೇರಿದ ಶಲ್ಕಕೀಟವೊಂದು ಮರಗಳಲ್ಲಿ ಸಿಹಿಯ ಊಟೆ ತೆರೆದಿತ್ತು. ದಂಡು ಕಟ್ಟಿದಲ್ಲಿ ಚದರ ಮೀಟರಿಗೆ 2,000ಕ್ಕೂ ಹೆಚ್ಚು ಇರುವೆ ಓಡಾಡುತ್ತಿದ್ದವು. ಆ ಕಾಡಿನ ನೆಲವನ್ನು ಗುಡಿಸುತ್ತಿದ್ದದ್ದು ಕೆಂಪು ನೆಲಏಡಿ. ಆಮ್ಲ ಕಣ್ಣು ಬಾಯಿಗೆ ಬಿದ್ದು ಕೋಟಿಗೂ ಮಿಕ್ಕಿ ಏಡಿಗಳು ಸತ್ತವು. ಏಡಿ ಹೋದ ಮೇಲೆ ತರಗೆಲೆ ರಾಶಿಯಾಯಿತು, ಸಸಿಗಳು ದಟ್ಟವಾದವು, ಏಡಿಯ ಕಾಟಕ್ಕೆ ಹೊರಗುಳಿದಿದ್ದ ಆಫ್ರಿಕಾದ ದೈತ್ಯ ಬಸವನಹುಳು ಒಳನುಗ್ಗಿತು. 2002ರಲ್ಲಿ ಸುಮಾರು 2,500 ಹೆಕ್ಟೇರಿಗೆ ಹೆಲಿಕಾಪ್ಟರಿನಿಂದ ವಿಷದ ಆಹಾರ ಎರಚಿದರು. ದಂಡು ಬಿತ್ತು, ಮತ್ತೆ ಎದ್ದಿತು. 2016ರ ಡಿಸೆಂಬರಿನಲ್ಲಿ ಉಪಾಯ ಬದಲಾಯಿತು. ಇರುವೆಯನ್ನು ಬಿಟ್ಟು, ಅದಕ್ಕೆ ಸಿಹಿ ಕೊಡುವ ಶಲ್ಕಕೀಟವನ್ನು ಕೊಲ್ಲುವ ಎರಡು ಮಿಲಿಮೀಟರಿನ ಕಣಜವನ್ನು ಮಲೇಷ್ಯಾದಿಂದ ತಂದು ಬಿಟ್ಟರು. ಇದು ಸರಿಯಾದ ಆಲೋಚನೆ ಎಂದು ನಮ್ಮ ಅಭಿಪ್ರಾಯ. ಬೆಂಗಳೂರಿನ ಕೈತೋಟಕ್ಕೂ ಅದರಲ್ಲಿ ಪಾಠವಿದೆ: ಇರುವೆ ಸಾಲು ಕಂಡರೆ ಮೊದಲು ಅದು ಹತ್ತುತ್ತಿರುವ ಗಿಡದ ಎಲೆಯಡಿ ನೋಡಿ.

ಇರುವೆ ಬದಲಾದರೆ ಸಿಂಹದ ಊಟವೂ ಬದಲಾಗುತ್ತದೆ ಎಂದರೆ ನಗು ಬರಬಹುದು. ಕೀನ್ಯಾದ ಲೈಕಿಪಿಯಾದಲ್ಲಿ ಜಾಲಿ ಜಾತಿಯ ಮುಳ್ಳುಮರಗಳನ್ನು ಕ್ರಿಮಾಟೊಗ್ಯಾಸ್ಟರ್ ಇರುವೆಗಳು ಆನೆಯಿಂದ ಕಾಯುತ್ತಿದ್ದವು, ಸೊಂಡಿಲೊಳಗೆ ನುಗ್ಗಿ ಕಚ್ಚಿ. ದೊಡ್ಡತಲೆ ಇರುವೆ ಬಂದು ಅವನ್ನು ತಿಂದುಹಾಕಿತು. ಆನೆಗಳು ಮರ ಮುರಿದವು, ಮರೆ ಇಲ್ಲದೆ ಸಿಂಹಕ್ಕೆ ಹೊಂಚು ಹಾಕುವುದು ಕಷ್ಟವಾಯಿತು. 2003ರಲ್ಲಿ ಸಿಂಹದ ಬೇಟೆಯಲ್ಲಿ ಜೀಬ್ರಾದ ಪಾಲು ಶೇ. 67 ಇದ್ದದ್ದು 2020ಕ್ಕೆ ಶೇ. 42ಕ್ಕೆ ಇಳಿದು, ಸಿಂಹಗಳು ಆಫ್ರಿಕಾದ ಕಾಡೆಮ್ಮೆಯತ್ತ ತಿರುಗಿದವು. ದಕ್ಷಿಣ ಆಫ್ರಿಕಾದ ಪೊದೆಗಾಡಿನದು ಇನ್ನೂ ಸೂಕ್ಷ್ಮ. ಅಲ್ಲಿನ ಕೆಲವು ಗಿಡಗಳ ಬೀಜಕ್ಕೆ ಎಣ್ಣೆಯ ಮಿಠಾಯಿ ಅಂಟಿಕೊಂಡಿರುತ್ತದೆ. ಸ್ಥಳೀಯ ಇರುವೆ ಅದನ್ನು ಗೂಡಿಗೊಯ್ದು, ಮಿಠಾಯಿ ತಿಂದು ಬೀಜವನ್ನು ಮಣ್ಣಿನೊಳಗೇ ಬಿಡುತ್ತದೆ. ಅರ್ಜೆಂಟೀನಾ ಇರುವೆ ಮಿಠಾಯಿಯನ್ನು ಮಾತ್ರ ತಿಂದು ಬೀಜವನ್ನು ನೆಲದ ಮೇಲೇ ಬಿಟ್ಟು ಹೋಗುತ್ತದೆ, ಇಲಿಯ ಬಾಯಿಗೆ.

ತಪ್ಪು ಯಾರದು?

ಈಗ ಮೊದಲು ಮುಂದೂಡಿದ್ದ ಪ್ರಶ್ನೆ. ಅಮೆರಿಕದ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕೆಂಪು ಬೆಂಕಿ ಇರುವೆ ನುಗ್ಗಿದ ಜಾಗವನ್ನು ಪೋರ್ಟರ್ ಮತ್ತು ಸವಿಗ್ನಾನೊ ಅಳೆದರು. 1990ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಸ್ಥಳೀಯ ಇರುವೆ ಜಾತಿಗಳು ಶೇ. 70 ಕಡಿಮೆ, ಸ್ಥಳೀಯ ಇರುವೆಗಳ ಸಂಖ್ಯೆ ಶೇ. 90 ಕಡಿಮೆ, ಆದರೆ ಒಟ್ಟು ಇರುವೆಗಳು ಹತ್ತರಿಂದ ಮೂವತ್ತು ಪಟ್ಟು ಹೆಚ್ಚು. ಈ ಕೊನೆಯ ಅಂಕಿಯನ್ನು ಗಮನಿಸಿ. ಇರುವೆ ಜಾಸ್ತಿ ಕಾಣುತ್ತಿದೆ, ಪಾರ್ಕು ಚೆನ್ನಾಗಿದೆ ಎಂದುಕೊಳ್ಳುವ ಜಾಗವೇ ಖಾಲಿಯಾಗಿರಬಹುದು. ಹನ್ನೆರಡು ವರ್ಷದ ನಂತರ ಮಾರಿಸನ್ ಎಂಬ ವಿಜ್ಞಾನಿ ಅದೇ ಜಾಗಕ್ಕೆ ಹೋಗಿ ಅಳೆದಾಗ ಬೆಂಕಿ ಇರುವೆ ಇತ್ತು, ಆದರೆ ಬಹಳ ಕಡಿಮೆಯಾಗಿತ್ತು. ಸ್ಥಳೀಯ ಜಾತಿಗಳು ಮೊದಲಿನ ಮಟ್ಟಕ್ಕೆ ಮರಳಿದ್ದವು.

ಇನ್ನೂ ಚುರುಕಿನ ಪ್ರಯೋಗ ಫ್ಲಾರಿಡಾದ ಪೈನ್ ಕಾಡಿನಲ್ಲಿ ನಡೆಯಿತು. ಕಿಂಗ್ ಮತ್ತು ಷಿಂಕೆಲ್ ಕೆಲವು ತುಂಡು ನೆಲವನ್ನು ಉತ್ತರು, ಕೆಲವನ್ನು ಕತ್ತರಿಸಿ ಹುಲ್ಲುಗಾವಲಿನಂತೆ ಮಾಡಿದರು, ಕೆಲವನ್ನು ಮುಟ್ಟಲಿಲ್ಲ. ಪ್ರತಿ ಬಗೆಯಲ್ಲೂ ಕೆಲವಕ್ಕೆ ಬೆಂಕಿ ಇರುವೆಯನ್ನು ತಂದು ಬಿಟ್ಟರು. 2008ರಲ್ಲಿ ಬಂದ ಫಲಿತಾಂಶದಲ್ಲಿ ಸ್ಥಳೀಯ ಇರುವೆಗಳ ಸಂಖ್ಯೆಯನ್ನು ಮುಖ್ಯವಾಗಿ ಇಳಿಸಿದ್ದು ನೇಗಿಲು ಮತ್ತು ಕತ್ತಿ. ಮುಟ್ಟದ ಕಾಡಿನಲ್ಲಿ ಬೆಂಕಿ ಇರುವೆ ನೆಲೆಯೂರಲು ತಿಣುಕಾಡಿತು. ಎಲ್ಲ ಆಕ್ರಮಣಕ್ಕೂ ಇದೇ ಸೂತ್ರ ಹೊಂದುವುದಿಲ್ಲ. ಕ್ರಿಸ್‌ಮಸ್ ದ್ವೀಪದಲ್ಲಿ ಹಾಳಾದದ್ದು ಮುಟ್ಟದ ಕಾಡೇ. ಆದರೆ ಬೆಂಗಳೂರಿಗೆ ಫ್ಲಾರಿಡಾದ ಪಾಠವೇ ಹತ್ತಿರ. ತರಗೆಲೆ ಗುಡಿಸಿ ಸುಡುತ್ತೇವೆ. ಮರದ ಬುಡಕ್ಕೆ ಕಾಂಕ್ರೀಟ್ ಸುರಿಯುತ್ತೇವೆ. ಒಣಭೂಮಿಯ ಊರಿಗೆ ಲಾನ್ ಹಾಸಿ ದಿನವೂ ನೀರು ಬಿಡುತ್ತೇವೆ. ಇಟ್ಟಿಗೆಯ ಸಂದು, ಪೈಪಿನ ಬದಿ, ಕುಂಡದ ಅಡಿ, ಇವೆಲ್ಲ ಆಗಾಗ ಮನೆ ಬದಲಿಸುವ ಅಲೆಮಾರಿ ಇರುವೆಗೆ ಒಪ್ಪುವ ಬಾಡಿಗೆ ಮನೆಗಳು. ಒಂದೇ ಆಳದ ಗೂಡಿನಲ್ಲಿ ವರ್ಷಗಟ್ಟಲೆ ಇರುವ ಮಿರ್ಮಿಕೇರಿಯಾಕ್ಕೆ ಒಪ್ಪುವುದಿಲ್ಲ.

ಆಮೇಲೆ ವಿಷ. ಅಮೆರಿಕ 1957ರಲ್ಲಿ ಬೆಂಕಿ ಇರುವೆಯ ಮೇಲೆ ಯುದ್ಧ ಸಾರಿ ಹೆಪ್ಟಾಕ್ಲೋರ್, ಆಮೇಲೆ ಮೈರೆಕ್ಸ್ ಎಂಬ ವಿಷಗಳನ್ನು ವಿಮಾನದಿಂದ ಸುರಿಯಿತು. 1970ರ ದಶಕದ ಕೊನೆಗೆ ಮೈರೆಕ್ಸ್ ನಿಲ್ಲಿಸಬೇಕಾಯಿತು. ವಿಷ ಎಲ್ಲ ಇರುವೆಯನ್ನೂ ಕೊಂದಿತು. ಖಾಲಿ ನೆಲಕ್ಕೆ ಮೊದಲು ಮರಳಿದ್ದು ಬೆಂಕಿ ಇರುವೆಯೇ, ಮೊದಲಿಗಿಂತ ದಟ್ಟವಾಗಿ. ಇರುವೆ ವಿಜ್ಞಾನದ ಹಿರಿಯ ಇ. ಓ. ವಿಲ್ಸನ್ ಅದನ್ನು ಕೀಟಶಾಸ್ತ್ರದ ವಿಯೆಟ್ನಾಂ ಎಂದು ಕರೆದರು. ಪಾರ್ಕಿನಲ್ಲಿ ಇರುವೆ ಪುಡಿ ಎರಚುವ ಪ್ರತಿ ಬಡಾವಣೆಯೂ ಅದೇ ಯುದ್ಧವನ್ನು ಚಿಕ್ಕದಾಗಿ ಮಾಡುತ್ತಿದೆ.

ಎಣಿಸುವುದು ಹೇಗೆ

ರಟ್ಟಿನ ಮೇಲಿಟ್ಟ ಊಟ ಯಾರು ಗೆಲ್ಲುತ್ತಾರೆ ಎಂದು ತೋರಿಸುತ್ತದೆ. ಯಾರು ಬದುಕಿದ್ದಾರೆ ಎಂದು ತೋರಿಸುವುದು ನೆಲಕ್ಕೆ ಹೂತ ಲೋಟ. ಎರಡೂ ಬೇಕು.

ರಟ್ಟುಗಳು ಹತ್ತು, ಒಂದರಿಂದೊಂದಕ್ಕೆ ಹತ್ತು ಮೀಟರ್. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. 15ನೇ ನಿಮಿಷಕ್ಕೆ ಮತ್ತು 45ನೇ ನಿಮಿಷಕ್ಕೆ ಯಾವ ಇರುವೆ, ಎಷ್ಟು ಎಂದು ಬರೆಯಿರಿ. ಎರಡು ಸಮಯದ ಉತ್ತರವೂ ಒಂದೇ ಹೆಸರಾಗಿದ್ದರೆ, ಹತ್ತರಲ್ಲಿ ಏಳೆಂಟು ರಟ್ಟಿನಲ್ಲಿ ಅದೇ ಕತೆಯಾದರೆ, ಕಿವಿ ನಿಮಿರಬೇಕು.

ಲೋಟಕ್ಕೆ ಬಾಯಿ ಆರು ಸೆಂಟಿಮೀಟರ್ ಸಾಕು. ಅಂಚು ನೆಲದ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಎರಡು ಮಿಲಿಮೀಟರ್ ಮೇಲೆದ್ದರೂ ಸಣ್ಣ ಇರುವೆ ಸುತ್ತಿಕೊಂಡು ಹೋಗುತ್ತದೆ. ಹೂತ ದಿನವೇ ತೆರೆಯಬೇಡಿ. ಮಣ್ಣು ಕೆದಕಿದಾಗ ಅಕ್ಕಪಕ್ಕದ ಗೂಡಿನವು ಮುಗಿಬಿದ್ದು ಲೆಕ್ಕ ಕೆಡುತ್ತದೆ. ಮುಚ್ಚಳ ಹಾಕಿ ಮೂರು ನಾಲ್ಕು ದಿನ ಬಿಡಿ. ಆಮೇಲೆ ಮೂರನೇ ಒಂದು ಭಾಗ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸೋಪಿಲ್ಲದಿದ್ದರೆ ಇರುವೆ ನೀರಿನ ಮೇಲೆ ತೇಲಿ ದಡ ಸೇರುತ್ತದೆ. ಮೇಲೆ ಮೂರು ಕಲ್ಲಿನ ಮೇಲೆ ಒಂದು ಹೆಂಚು. 48 ಗಂಟೆಗೆ ತೆಗೆದು, ಸೋಸಿ, ಸ್ಪಿರಿಟ್ ಸೀಸೆಗೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಸ್ಪಿರಿಟ್‌ಗೆ ಕರಗಿ, ಆರು ತಿಂಗಳ ನಂತರ ನೀಲಿ ನೀರಿನಲ್ಲಿ ಹೆಸರಿಲ್ಲದ ಇರುವೆಗಳು ಉಳಿಯುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಈ ಕೆಲಸ ಬೇಡ.

ಗುರುತಿಗೆ ಹತ್ತು ಪಟ್ಟು ತೋರಿಸುವ ಕೈಮಸೂರ ಸಾಕು. ಹಳದಿ ಹುಚ್ಚಿರುವೆಯನ್ನು ಜನ ಕೆಂಜಿಗ ಎಂದು ತಪ್ಪು ತಿಳಿಯುತ್ತಾರೆ. ಕೆಂಜಿಗ ಎಂಟು ಹತ್ತು ಮಿಲಿಮೀಟರ್ ಇದ್ದು ಎಲೆಗೂಡಿನಿಂದ ಇಳಿಯುತ್ತದೆ, ಬೆದರಿಸಿದರೆ ನಿಂತು ದವಡೆ ತೆರೆಯುತ್ತದೆ. ಹುಚ್ಚಿರುವೆ ನಾಲ್ಕೈದು ಮಿಲಿಮೀಟರ್, ಗೂಡು ಕಲ್ಲು ಕುಂಡಗಳ ಕೆಳಗೆ, ಬೆದರಿಸಿದರೆ ಚೆಲ್ಲಾಪಿಲ್ಲಿ ಓಡುತ್ತದೆ. ಬೆಂಕಿ ಇರುವೆ ಜೆಮಿನೇಟಾಕ್ಕೆ ಸೊಂಟದಲ್ಲಿ ಎರಡು ಗಂಟು, ಮೀಸೆಯ ತುದಿಯ ಎರಡು ಗಿಣ್ಣು ದಪ್ಪ. ದೊಡ್ಡ ಕೆಲಸಗಾರರ ತಲೆಯ ನಡುವೆ ಬೈತಲೆ ತೆಗೆದಂತೆ ಸೀಳು. ಬಿಸಿಲು ಬೀಳುವ ನೆಲದಲ್ಲಿ ಸಡಿಲ ಮಣ್ಣಿನ ದಿಬ್ಬ ಕಂಡರೆ ಚಪ್ಪಲಿ ಹಾಕಿಕೊಂಡೇ ಹತ್ತಿರ ಹೋಗಿ.

ಮನೆಯೊಳಗೆ

ಸ್ಪ್ರೇ ಹೊಡೆದರೆ ಸಾಯುವುದು ಹೊರಗೆ ಬಂದ ಕೆಲವೇ ಕೆಲಸಗಾರರು. ಫರೋ ಇರುವೆಯ ವಿಷಯದಲ್ಲಿ ಇನ್ನೂ ಕೆಡುಕು: ಬೆದರಿದ ಗೂಡು ಒಡೆದು, ಒಂದಿದ್ದದ್ದು ನಾಲ್ಕಾಗಿ ನಾಲ್ಕು ಗೋಡೆ ಸೇರುತ್ತದೆ. ನಿಧಾನದ ವಿಷವೇ ದಾರಿ. 25 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಆಸಿಡ್ ಹಾಕಿ, ಒಟ್ಟು 100 ಮಿಲಿಲೀಟರ್ ಆಗುವಂತೆ ಬಿಸಿನೀರು ಬೆರೆಸಿ. ಕೇರಂ ಬೋರ್ಡಿಗೆ ಹಾಕುವ ಪುಡಿಯಲ್ಲಿ ಬೇರೆ ಬೆರಕೆ ಇರಬಹುದು, ಮೆಡಿಕಲ್ ಶಾಪಿನದೇ ತನ್ನಿ. ಚಮಚದಲ್ಲಿ ಅಂದಾಜು ಮಾಡಬೇಡಿ, ಟೀ ಚಮಚಕ್ಕೆ ನಾಲ್ಕು ಗ್ರಾಂ ಆಸುಪಾಸು ಹಿಡಿಯುತ್ತದೆ. ಹೆಚ್ಚು ಹಾಕಿದರೆ ಬೇಗ ಸಾಯುತ್ತವಲ್ಲ ಎನ್ನುವುದೇ ತಪ್ಪು. ಬೇಗ ಸತ್ತರೆ ಗೂಡಿಗೆ ಒಯ್ಯುವವರು ಯಾರು? ಇರುವೆ ಬಾಯಿಂದ ಬಾಯಿಗೆ ದ್ರವ ಹಂಚಿ ರಾಣಿಗೆ ಮುಟ್ಟಿಸಲು ದಿನಗಳು ಬೇಕು. ಹತ್ತಿಯನ್ನು ಅದ್ದಿ, ಮೂರು ಮಿಲಿಮೀಟರ್ ತೂತುಗಳಿರುವ ಮುಚ್ಚಿದ ಡಬ್ಬಿಯಲ್ಲಿಡಿ. ತೆರೆದಿಟ್ಟರೆ ಜೇನುನೊಣ ಬರುತ್ತದೆ, ಮಗು ಮುಟ್ಟುತ್ತದೆ. ಮೂರು ದಿನಕ್ಕೊಮ್ಮೆ ಬದಲಿಸಿ ಮೂರು ನಾಲ್ಕು ವಾರ ನಡೆಸಿ. ಮೊದಲ ಎರಡು ದಿನ ಸಾಲು ದಪ್ಪವಾಗುತ್ತದೆ; ಗಾಬರಿಯಾಗಿ ಸ್ಪ್ರೇ ಹಿಡಿಯುವವರು ಆಗಲೇ ಸೋಲುತ್ತಾರೆ. ಫರೋ ಇರುವೆ ಸಿಹಿಗೆ ಬೇಸರಗೊಂಡರೆ ಎಣ್ಣೆ, ಪ್ರೋಟೀನಿನದು ಕೇಳುತ್ತದೆ. ಈ ಡಬ್ಬಿ ಮನೆಯ ಒಳಗೆ ಮಾತ್ರ. ಹೊರಗಿಟ್ಟರೆ ಮೊದಲ ಬಲಿ ಗೊದ್ದ.

ಹೊಸ ಕುಂಡ ತಂದರೆ ಉಳಿದವುಗಳ ಜೊತೆ ಇಡಬೇಡಿ. ಬಕೆಟ್ಟಿನಲ್ಲಿ ಮಣ್ಣು ಮುಳುಗುವಂತೆ ಅರ್ಧ ಗಂಟೆ ಇಡಿ. ಮೊಟ್ಟೆ, ಮರಿ ಕಚ್ಚಿಕೊಂಡ ಇರುವೆಗಳು ಮೇಲೆದ್ದರೆ ಒಳಗೆ ಸಂಸಾರವಿದೆ ಎಂದೇ ಅರ್ಥ.

ಸಭಿಕರ ಪ್ರಶ್ನೆಗಳು

ಬಂದ ಇರುವೆಯನ್ನು ಪೂರ್ತಿ ಓಡಿಸಿದ ಉದಾಹರಣೆ ಇದೆಯೇ?

ಇದೆ. ಆಸ್ಟ್ರೇಲಿಯಾದ ಕಕಡು ರಾಷ್ಟ್ರೀಯ ಉದ್ಯಾನದಲ್ಲಿ ದೊಡ್ಡತಲೆ ಇರುವೆಯನ್ನೂ ನಮ್ಮಲ್ಲಿರುವ ಇದೇ ಜೆಮಿನೇಟಾವನ್ನೂ ನಿರ್ಮೂಲ ಮಾಡಿದ ವರದಿ 2004ರಲ್ಲಿ ಬಂತು. ಹಬ್ಬಿದ್ದ ಜಾಗ ಚಿಕ್ಕದಿತ್ತು, ಪ್ರತಿ ಅಡಿಯನ್ನೂ ಹುಡುಕಿದರು, ಆಮೇಲೂ ಬಿಡದೆ ಕಾವಲು ಕಾದರು. ಇಂಥ ಇರುವೆಗಳು ಬಹುಕಾಲದಿಂದ ಹರಡಿಕೊಂಡಿರುವ ಬೆಂಗಳೂರಿನಲ್ಲಿ ಅದು ಆಗದ ಮಾತು. ಇಲ್ಲಿ ಆಗುವುದು ಮರದ ಬುಡಕ್ಕೆ ಒಂದು ಮೀಟರ್ ಮಣ್ಣು ಬಿಡುವುದು, ಒಂದು ಮೂಲೆಯ ತರಗೆಲೆ ಗುಡಿಸದಿರುವುದು, ಲಾನ್ ಕಡಿಮೆ ಮಾಡುವುದು.

ಮಾವಿನ ಮರದ ಕೆಂಜಿಗವನ್ನು ತೆಗೆಸಬೇಕೇ?

ಬೇಡ. ಕಚ್ಚುತ್ತದೆ ನಿಜ, ಹಣ್ಣು ಕೀಳುವ ದಿನ ತೊಂದರೆಯೂ ಹೌದು. ಆದರೆ ಅದು ಇಲ್ಲಿಯದು, ಮರದ ಹುಳುಗಳನ್ನು ತಿನ್ನುತ್ತದೆ. ಗೂಡು ಸುಟ್ಟರೆ ಆ ಕೊಂಬೆ ಖಾಲಿ ಉಳಿಯುವುದಿಲ್ಲ.

ರಂಗೋಲಿಗೆ ಅಕ್ಕಿಹಿಟ್ಟು ಹಾಕಿದರೆ ಇರುವೆಗೆ ಊಟವಾಗುತ್ತದೆ ಎನ್ನುತ್ತಾರಲ್ಲ?

ಆಗುತ್ತದೆ, ಮರಿಗಳಿಗೆ. ದೊಡ್ಡ ಇರುವೆ ಗಟ್ಟಿ ಆಹಾರ ನುಂಗಲಾರದು. ಹೊತ್ತೊಯ್ದು ಮರಿಹುಳುವಿಗೆ ಕೊಡುತ್ತದೆ. ಈಗಿನ ರಂಗೋಲಿ ಪುಡಿ ಕಲ್ಲಿನದು, ಅದರಲ್ಲಿ ಯಾರಿಗೂ ಏನೂ ಇಲ್ಲ. ಅಕ್ಕಿಹಿಟ್ಟು ಹಾಕಿದರೂ ಬರುವ ಅತಿಥಿಯನ್ನು ನೀವು ಆರಿಸಲಾಗದು. ಫೀಡೋಲೆಯೂ ಬರುತ್ತದೆ, ಬೆಂಕಿ ಇರುವೆಯೂ ಬರುತ್ತದೆ. ಹಾಕಿ, ಅರ್ಧ ಗಂಟೆ ಬಿಟ್ಟು ಬಾಗಿಲಿಗೆ ಬಂದು ನೋಡಿ. ಯಾರು ಬಂದಿದ್ದಾರೆ ಎಂದು ಪಕ್ಕದಲ್ಲೊಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದುಕೊಳ್ಳಿ, ತಾರೀಖು ಹಾಕಿಡಿ.